ಕಾರಿನ ನಡುಕಕ್ಕೆ ಮದ್ದು

ಮನುಷ್ಯರು ನಡುಗುವುದಕ್ಕೆ ಚಳಿ, ಜ್ವರ, ಭಯ, ಸಭಾಕಂಪ ಎಂದು ನಾನಾ ಕಾರಣಗಳಿರುವುದನ್ನು ವೈದ್ಯನಾದ ನಾನು ಬಲ್ಲೆ. ಆದರೆ ಬ್ರೇಕು ಒತ್ತಿದಾಗಲೆಲ್ಲ ನನ್ನ ಕಾರು ಏಕೆ ನಡುಗುತ್ತಿತ್ತೆಂಬುದು ಬಹಳ ಕಾಲ ನನಗೆ ತಿಳಿದಿರಲಿಲ್ಲ. ಓಡುವಾಗ ಪರಮ ಸಾಧು. ನಿಲ್ಲು ಎಂದರೆ ಮಾತ್ರ ಮೈಮೇಲೆ ದೇವರು ಬಂದಂತೆ ಅದುರುತ್ತಿತ್ತು. ಹೊಳೆನರಸೀಪುರದಲ್ಲಿ ಒಮ್ಮೆ ರೋಗಿಯ ಮನೆ ಮುಂದೆ ಅದು ನಿಂತ ವೈಖರಿ ಕಂಡು, ಆ ಮನೆಯವರು ಮೊದಲು ನನ್ನನ್ನೇ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟಿದ್ದರು. ಯುದ್ಧದ ಕಾಲ, ಬಿಡಿಭಾಗ ಸಿಗುತ್ತಿರಲಿಲ್ಲ, ಪೆಟ್ರೋಲು ಕೂಪನ್ನಿನ ಕೃಪೆ. ನಡುಗಿಕೊಂಡಾದರೂ ನಿಲ್ಲುತ್ತದಲ್ಲ ಎಂದು ಸುಮ್ಮನಿದ್ದೆ. ಸ್ವಾಮಿ, ಅಭ್ಯಾಸವಾದ ರೋಗ ಆರೋಗ್ಯದ ವೇಷ ಹಾಕಿಕೊಂಡು ಮನೆಯಲ್ಲೇ ಉಳಿದುಬಿಡುತ್ತದೆ.

ಅದನ್ನು ಹೊರದೂಡಿದವಳು ನಿಂಗಮ್ಮ. ಅರಕಲಗೂಡಿನ ಆಚೆಯ ಹಳ್ಳಿಯ ರೈತರ ಮನೆಯ ಹಿರಿಯಳು, ಗಟ್ಟಿ ಜೀವ. ಅಟ್ಟದಿಂದ ಇಳಿಯುವಾಗ ಏಣಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಮಗ ಬೋರೇಗೌಡ ಹಾಸನಕ್ಕೆ ಬಂದು ಕರೆದ. ನಾನು ಹೋಗಿ ನೋವಿಗೆ ಸೂಜಿಮದ್ದು ಕೊಟ್ಟು, ಕಾಲಿಗೆ ಹಲಗೆ ಕಟ್ಟಿದೆ. ಆದರೆ ಹಾಸನದ ಆಸ್ಪತ್ರೆಗೆ ಸಾಗಿಸಿ, ಕಾಲಿಗೆ ಭಾರ ತೂಗಬಿಟ್ಟು ಎಳೆದಿಡದಿದ್ದರೆ ಆಕೆ ಮತ್ತೆ ನಡೆಯುವ ಭರವಸೆಯಿರಲಿಲ್ಲ. ಕಾರಿನಲ್ಲಿ ನನ್ನ ಪಕ್ಕದ ಮುಂದಿನ ಸೀಟನ್ನು ಕಳಚಿ, ಉದ್ದಕ್ಕೆ ಹಲಗೆ ಹಾಸಿ, ಆಕೆಯನ್ನು ಮಲಗಿಸಿ ಹೊರಟೆವು. ಊರಾಚೆಯ ಹಳ್ಳದ ಬಳಿ ಬ್ರೇಕು ಒತ್ತಿದೆ. ಕಾರು ನಡುಗಿತು. ಆಕೆ ಚೀರಿದ ಚೀರಾಟಕ್ಕೆ ಗದ್ದೆಯಲ್ಲಿದ್ದವರೆಲ್ಲ ರಸ್ತೆಗೆ ಓಡಿಬಂದರು.

“ಇಳ್ಸು ಕಣ್ಲಾ ಬೋರ! ಇದ್ರಲ್ಲಿ ಓಗೋದ್ಕಿಂತ ಮನೇಲೇ ಸಾಯ್ತೀನಿ!”

“ಎತ್ತಿನ ಗಾಡಿ ಕಟ್ಲೇನವ್ವ?” ಎಂದ ಬೋರೇಗೌಡ, ಕಣ್ಣಲ್ಲಿ ನೀರು ತುಂಬಿಕೊಂಡು.

“ಅದೂ ಬ್ಯಾಡ. ಡಾಕ್ಟ್ರಪ್ಪ, ನಡುಗ್ದೇ ಇರೋ ಗಾಡಿ ತಂದ್ರೆ ಬತ್ತೀನಿ. ಇಲ್ದಿದ್ರೆ ಇಲ್ಲ.”

ತರುತ್ತೇನೆಂದು ಮಾತು ಕೊಟ್ಟು ಆಕೆಯನ್ನು ಮನೆಗೆ ಮುಟ್ಟಿಸಿದೆ. ಹಾಸನದ ಬೇರೆ ಕಾರುಗಳು ಪೆಟ್ರೋಲಿಲ್ಲದೆ ಕೊಟ್ಟಿಗೆ ಸೇರಿದ್ದ ಕಾಲ ಅದು, ಇದ್ದದ್ದನ್ನೇ ಗುಣಪಡಿಸಬೇಕಿತ್ತು.

ಅಂದೇ ಮಧ್ಯಾಹ್ನ ತೋಳು ಮಡಿಚಿ ಮುಂದಿನ ಚಕ್ರಗಳನ್ನು ಬಿಚ್ಚಿದೆ. ನಡುಕ ನನ್ನ ಕೈಗೆ ಬರುವುದು ಸ್ಟಿಯರಿಂಗಿನಿಂದ, ಆದ್ದರಿಂದ ದೋಷ ಮುಂದೆಯೇ ಎಂಬುದು ನನ್ನ ತರ್ಕ. ಒರೆಸಿದೆ, ಬಿಗಿದೆ, ಹೆಂಡತಿ ಕಮಲೆಯನ್ನು ಹಿಂದೆ ಕೂರಿಸಿಕೊಂಡು ಬೂವನಹಳ್ಳಿಯ ರಸ್ತೆಯಲ್ಲಿ ಓಡಿಸಿದೆ. ನಡುಕ ಒಂದು ಗುಲಗಂಜಿಯಷ್ಟೂ ತಗ್ಗಲಿಲ್ಲ.

“ಮುಂದಲ್ಲ ರೀ, ಇಲ್ಲಿ ನನ್ನ ಸೀಟಿನ ಕೆಳಗಿಂದ್ಲೇ ಗುದ್ದುತ್ತೆ. ನಿಮ್ಮ ಕೈಗೆ ಬರೋದು ಮಿಕ್ಕಿದ್ದು,” ಎಂದಳು ಕಮಲೆ.

ಕಾರು ಕೊಂಡಂದಿನಿಂದ ನಾನು ಅದರ ಹಿಂದಿನ ಸೀಟಿನಲ್ಲಿ ಕೂತವನೇ ಅಲ್ಲವೆಂಬುದು ಆಗ ಹೊಳೆಯಿತು. ನಮ್ಮ ಕಾರಿನ ಕೈಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಮೆಲ್ಲಗೆ ಓಡಿಸುತ್ತ ಅದೊಂದನ್ನೇ ಎಳೆದೆ: ಅದೇ ನಡುಕ! ಮನೆಗೆ ಬಂದು ಹಿಂಭಾಗವನ್ನು ಜಾಕಿನಿಂದ ಎತ್ತಿ, ಕಮಲೆಗೆ ಬ್ರೇಕಿನ ಮೇಲೆ ಹಗುರವಾಗಿ ಕಾಲಿಡಲು ಹೇಳಿ, ನಾಡಿ ನೋಡುವವನಂತೆ ಕಣ್ಣು ಮುಚ್ಚಿ ಚಕ್ರಗಳನ್ನು ತಿರುಗಿಸಿದೆ. ಬಲಗಡೆಯದು ಸುತ್ತಲೂ ಒಂದೇ ಸಮ. ಎಡಗಡೆಯದು ಒಂದು ಕಡೆ ಹಿಡಿದು, ಇನ್ನೊಂದು ಕಡೆ ಬಿಡುತ್ತಿತ್ತು. ಚಕ್ರದೊಳಗೆ ಬ್ರೇಕು ಒತ್ತಿ ಹಿಡಿಯುವ ಕಬ್ಬಿಣದ ಡ್ರಮ್ಮು ದುಂಡಗಿರುವುದನ್ನು ಮರೆತಿತ್ತು.

ಅದನ್ನು ಲೇತಿನ ಯಂತ್ರಕ್ಕೆ ಕಟ್ಟಿ, ತಿರುಗಿಸುತ್ತ ಹೆರೆದು ದುಂಡು ಮಾಡಬೇಕು. ಹಾಸನದ ಲೇತಿನವನು ಊರಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಡ್ರಮ್ಮನ್ನು ಗೋಣಿಚೀಲದಲ್ಲಿ ಸುತ್ತಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ತೆಂಗಿನಕಾಯಿ ಮೂಟೆಗಳ ನಡುವೆ ತೊಡೆಯ ಮೇಲೆ ಅದನ್ನಿಟ್ಟುಕೊಂಡಿದ್ದ ನನ್ನನ್ನು ಪಕ್ಕದವರು, “ಏನ್ ಸಾ ಅದು, ಕೊಪ್ಪರಿಗೆಯಾ?” ಎಂದು ಕೇಳಿದರು. ರೋಗಿ ಎಂದೆ. ಅವರು ಮೂಟೆಯೊಂದನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡರು.

ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಮಾಡುತ್ತಿದ್ದ ರಹೀಮ್ ಸಾಹೇಬರು ಡ್ರಮ್ಮನ್ನು ಲೇತಿಗೆ ಕಟ್ಟಿ ತಿರುಗಿಸಿದರು. “ಸೊಟ್ಟ ಐತೆ ಸಾ. ದುಂಡು ಮಾಡ್ಬೋದು, ಆದ್ರೆ ತೆಳ್ಳಗಾಯ್ತದೆ. ಇನ್ನೊಂದ್ ಸಲ ತಂದ್ರೆ ಆಗಾಕಿಲ್ಲ.”

“ಇದೊಂದು ಸಲ ಆದರೆ ಸಾಕು,” ಎಂದೆ.

ಅವರು ಎದೆಬಡಿತ ಆಲಿಸುವಷ್ಟು ತಾಳ್ಮೆಯಿಂದ ಹೆರೆದರು. ನಾನು ಪಕ್ಕದಲ್ಲಿ ನಿಂತೇ ಇದ್ದೆ. ಹಾಸನಕ್ಕೆ ಹಿಂದಿರುಗಿ ಸಂಜೆಯೊಳಗೆ ಡ್ರಮ್ಮು ಕೂರಿಸಿದೆ. ಪರೀಕ್ಷೆಗೆ ಕಮಲೆ ತಾನೇ ಆ ಹಲಗೆಯ ಮೇಲೆ ಮಲಗಿದಳು. ನಾನು ಗುಂಡಿ ಕಂಡಲ್ಲೆಲ್ಲ ಬ್ರೇಕು ಒತ್ತಿದೆ. “ಇನ್ನೊಂದು ಸಲ,” ಎನ್ನುವಳು, ಮತ್ತೆ ಒತ್ತುವೆ. ಕೊನೆಗೆ ಎದ್ದು ಕೂತು, “ಬೆಳಿಗ್ಗೆ ಹೊರಡೋಣ. ನಾನೂ ಬರ್ತೀನಿ,” ಎಂದಳು.

ನಿಂಗಮ್ಮ ನಮ್ಮನ್ನು ನಂಬಲಿಲ್ಲ. ಸೂಜಿಮದ್ದು ಚುಚ್ಚಿಸಿಕೊಂಡು, ಕಮಲೆಯ ಕೈ ಬಿಗಿಯಾಗಿ ಹಿಡಿದು, ಮುಖದ ಮೇಲೆ ಸೆರಗೆಳೆದುಕೊಂಡಳು. ಬೋರೇಗೌಡನೂ ಹತ್ತಿಕೊಂಡ. ಹಳ್ಳ ಬಂತು. ಬ್ರೇಕು ಒತ್ತಿದೆ. ಕಾರು ತಣ್ಣಗೆ ವೇಗ ತಗ್ಗಿಸಿ, ತಣ್ಣಗೆ ಹಳ್ಳ ದಾಟಿತು. ಸೆರಗಿನೊಳಗಿಂದ ಸದ್ದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಸೆರಗು ಸರಿಯಿತು.

“ಯಾಕ್ಲಾ ಬೋರ, ಗಾಡಿ ಇನ್ನೂ ಊರೇ ಬಿಟ್ಟಿಲ್ವಾ?”

ಸೂಜಿಮದ್ದಿಗೆ ಇದರಲ್ಲಿ ಪಾಲಿಲ್ಲವೆಂದು ವೈದ್ಯನಾಗಿ ಹೇಳಲಾರೆ. ಆದರೆ ಮೊದಲ ದಿನವೂ ಅದೇ ಸೂಜಿ ಚುಚ್ಚಿದ್ದೆನಲ್ಲ!

ಮೂಳೆ ಕೂಡಿತು. ನಿಂಗಮ್ಮ ಕೋಲೂರಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದು ಬಂದು, ಕಮಲೆಯ ಪಕ್ಕದಲ್ಲಿ ನೆಟ್ಟಗೆ ಕೂತು ಊರಿಗೆ ಹೊರಟಳು. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ನುಗ್ಗಿತು. ಬಲವಾಗಿ ಬ್ರೇಕು ಒತ್ತಿದೆ. ಕಾರು ಅಲುಗದೆ ನಿಂತಿತು. ಆಕೆ ಕಿಟಕಿಯಿಂದ ಕೈ ಚಾಚಿ, ಎತ್ತಿನ ಬೆನ್ನು ತಟ್ಟುವಂತೆ ಬಾಗಿಲನ್ನು ತಟ್ಟಿದಳು.

“ಪಳಗ್ತು ಕಣವ್ವ ಇದು,” ಎಂದಳು ಕಮಲೆಗೆ.