ಮತ್ತೆ ರಾಶಿಯ ಮುಂದೆ ಸೂಸೈಯಮ್ಮಾಳ್

ಪಾಂಬನ್ ಕಡಲತಡಿಯಲ್ಲಿ ಬೆಳಕು ಹರಿಯುತ್ತಿದೆ. ಬಲೆಯಿಂದ ಬಿಡಿಸಿದ ಏಡಿಗಳ ರಾಶಿಯ ಮುಂದೆ ಸೂಸೈಯಮ್ಮಾಳ್ ಕೂತಿದ್ದಾರೆ. ಒಂದೊಂದನ್ನೂ ಹಿಂಗಾಲಿನ ಬುಡದಲ್ಲಿ ಹಿಡಿದೆತ್ತಿ, ಬೆನ್ನ ಮೇಲೆ ಹೆಬ್ಬೆರಳು ಆಡಿಸಿ ಬುಟ್ಟಿಗೆ ಎಸೆಯುತ್ತಾರೆ. ನೀಲಿ ಏಡಿ ರಫ್ತು ಕಂಪನಿಗೆ. ಬೆನ್ನಲ್ಲಿ ಮೂರು ಚುಕ್ಕೆಯಿರುವ ಮುಕ್ಕಣ್ಣಿ ಸಂತೆಗೆ, ಒಂದಿಷ್ಟು ದೋಣಿಯವರ ಊಟದ ಸಾರಿಗೆ. ಶಿಲುಬೆಯ ಗುರುತಿರುವ ಏಡಿಯನ್ನು ಮಾತ್ರ ಕ್ರೈಸ್ತರಾದ ಈ ಕೇರಿಯವರು ಮಾರುವುದೂ ಇಲ್ಲ, ತಿನ್ನುವುದೂ ಇಲ್ಲ, ಕಡಲಿಗೇ ಬಿಡುತ್ತಾರೆ.

ಗಂಡ ಕಡಲುಪಾಲಾದ ಮೇಲೆ ಮಕ್ಕಳನ್ನು ಸಾಕಿದ್ದು ಈ ಹೆಬ್ಬೆರಳೇ. ಈಚೆಗೆ ಕಣ್ಣಿಗೆ ಪೊರೆ ಬಂದಾಗ ಆಕೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ನೀಲಿ ಏಡಿಯ ಬೆನ್ನು ತರಿತರಿ, ಮುಕ್ಕಣ್ಣಿಯದು ನುಣುಪು. ಅಷ್ಟರಲ್ಲೇ ಕೆಲಸ ಸಾಗುತ್ತಿತ್ತು. ಆದರೆ ಶಿಲುಬೆ ಏಡಿಯ ಬೆನ್ನೂ ನುಣುಪೇ. ಉಳಿದೆರಡಕ್ಕೆ ಪಕ್ಕದಲ್ಲಿ ಉದ್ದನೆಯ ಮುಳ್ಳಿರುತ್ತದೆ, ಇದಕ್ಕಿಲ್ಲ.

"ಒಂದಿನ ಕೈಗೆ ಮುಳ್ಳು ಸಿಗಲಿಲ್ಲ. ಮುಳ್ಳು ಮುರಿದ ಮುಕ್ಕಣ್ಣಿ ಅಂದ್ಕೊಂಡು ಸಾರಿನ ಪಾಲಿಗೆ ಹಾಕ್ಬಿಟ್ಟೆ" ಎನ್ನುತ್ತಾರೆ.

ಬೆಂದರೂ ಅಳಿಯದ ಆ ಗುರುತು ದೋಣಿ ಮಾಲೀಕ ಅರುಳಪ್ಪನ ತಟ್ಟೆಯಲ್ಲೇ ಕಾಣಿಸಿಕೊಂಡಿತು. ಆತ ಉಣ್ಣದೆ ಎದ್ದುಹೋದ. ಆ ವಾರವೆಲ್ಲ ಬಲೆ ಹರಿದು ಬಂದಾಗ, ಶಿಲುಬೆ ಏಡಿ ಬೇಯಿಸಿದ್ದಕ್ಕೇ ಹೀಗಾಯಿತು, ಇನ್ನು ಈಕೆ ಮನೆಯಲ್ಲಿರಲಿ ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟ. ಸೂಸೈಯಮ್ಮಾಳ್ ಹಾಸಿಗೆ ಹಿಡಿದವರಂತಾದರು. ಸೊಸೆ ಜೆನೋವಾ ಅತ್ತೆಯನ್ನು ಕಾಡಿ ಬೇಡಿ ಒಂದು ಕಣ್ಣಿನ ಪೊರೆ ತೆಗೆಸಿದಳು. ಅರುಳಪ್ಪನ ಮನೆಗೂ ತಾನೇ ಹೋಗಿ, ಒಂದು ದಿನ ಕೂರಿಸಿ ನೋಡೋಣ ಎಂದು ಒಪ್ಪಿಸಿಬಂದಳು.

ಆ ದಿನ ಇವತ್ತು. ಅರುಳಪ್ಪ ಹಗ್ಗ ಸುತ್ತುವ ನೆವದಲ್ಲಿ ಪಕ್ಕದಲ್ಲೇ ನಿಂತಿದ್ದಾನೆ. ರಾಶಿ ಅರ್ಧಕ್ಕಿಳಿದಾಗ ಹೆಬ್ಬೆರಳು ನಿಲ್ಲುತ್ತದೆ. ಬೆನ್ನು ನುಣುಪು, ಮುಳ್ಳಿಲ್ಲ. ಸೂಸೈಯಮ್ಮಾಳ್ ಏಡಿಯನ್ನು ಬೆಳಕಿಗೆ ಎತ್ತಿ ಹಿಡಿಯುತ್ತಾರೆ.

"ಇಗೋ ತಂಬಿ. ಈ ಸಲ ನಿನ್ನ ತಟ್ಟೆಗೆ ಹಾಕಲ್ಲ."

ಸುತ್ತಲಿದ್ದ ಹೆಂಗಸರು ನಗುತ್ತಾರೆ. ಅರುಳಪ್ಪನಿಗೂ ನಗು ತಡೆಯಲಾಗುವುದಿಲ್ಲ. ಏಡಿ ಇಸಿದುಕೊಳ್ಳಲು ಚಾಚಿದ ಕೈ ಹಿಂದೆಗೆದುಕೊಂಡು, "ನೀನೇ ಬಿಟ್ಟು ಬಾ ಅಕ್ಕಾ. ನಾಳೆ ಸ್ವಲ್ಪ ಬೇಗ ಬಾ, ಏಡಿ ಜಾಸ್ತಿ ಬೀಳೋ ಹಂಗಿದೆ" ಎನ್ನುತ್ತಾನೆ.

ನೀರಿಗಿಳಿದು ಏಡಿ ಬಿಟ್ಟು ಬಂದ ಸೂಸೈಯಮ್ಮಾಳ್ ಸೆರಗಿನಿಂದ ಮುಖ ಒರೆಸಿಕೊಂಡು ಕೂರುತ್ತಾರೆ. ಆಕೆಗೀಗ ಇರುವ ಆಸೆ ಇನ್ನೊಂದು ಕಣ್ಣಿನ ಪೊರೆಯೂ ಹೋಗಲಿ ಎಂಬುದೊಂದೇ. ರಾಶಿಯಿಂದ ಒಂದು ಮುಕ್ಕಣ್ಣಿ ಎತ್ತಿ, ಬುಟ್ಟಿಗೆ ಹಾಕದೆ ನೋಡುತ್ತಲೇ ಇರುತ್ತಾರೆ.

"ಚುಕ್ಕೆ ಸುತ್ತ ಬಿಳಿ ಅಂಚಿರೋದೇ ಮರ್ತುಹೋಗಿತ್ತು ನಂಗೆ. ಎಷ್ಟು ಚೆನ್ನಾಗಿದೆ ನೋಡು."