ನಾಯಿಬೇಲಿ ಕಾಯುವ ಗ್ರ್ಯಾಂಡ್‌ಮಾಸ್ಟರ್

ಬೆಳಗಿನ ಐದೂಮುಕ್ಕಾಲು ಗಂಟೆ. ಎಮು ಹಕ್ಕಿಯೊಂದು ಬೇಲಿಗೆ ಸಿಕ್ಕಿಹಾಕಿಕೊಂಡಿದೆ. ಕುತ್ತಿಗೆ ಆಚೆ, ಮೈ ಈಚೆ, ಒಂದು ಕಾಲು ತಂತಿಯ ಬಲೆಯೊಳಗೆ. ನೊಲೀನ್ ಟ್ರೆಲೋರ್ ಗಾಡಿಯಿಂದ ಇಳಿದವರೇ ಅದರ ತಲೆಗೆ ಗೋಣಿಚೀಲ ಹಾಕುತ್ತಾರೆ, ಮೊಣಕಾಲಿನಿಂದ ಬೆನ್ನು ಒತ್ತಿ ಹಿಡಿಯುತ್ತಾರೆ, ಇಕ್ಕಳದಲ್ಲಿ ನಾಲ್ಕು ತಂತಿ ಕತ್ತರಿಸುತ್ತಾರೆ. ಬಿಡುಗಡೆಯಾದ ಹಕ್ಕಿ ಥ್ಯಾಂಕ್ಸ್ ಹೇಳುವ ಬದಲು ಅವರ ತೋಳಿಗೊಂದು ಒದ್ದು ಓಡುತ್ತದೆ. ರಕ್ತ ಇಳಿಯುತ್ತಿದೆ. ನಾನು ಔಷಧಿ ಡಬ್ಬಿ ಹುಡುಕಿಕೊಂಡು ಬರುವಷ್ಟರಲ್ಲಿ ಈಯಮ್ಮ ನೆಲದ ಮೇಲೆ ಕುಳಿತು ಬೇಲಿಯ ತೂತು ಹೊಲಿಯುತ್ತಿದ್ದಾರೆ.

“ತೋಳು ಆಮೇಲೆ ನೋಡಿದ್ರಾಯ್ತು ಮರ್ವ್. ಕಾಡುನಾಯಿ ನನ್ನ ತೋಳಲ್ಲಿ ತೂರಲ್ಲ, ಈ ತೂತಲ್ಲಿ ತೂರುತ್ತೆ.”

ಬೇಲಿಯ ಆಚೆ ಡಿಂಗೊ ಎಂಬ ಕಾಡುನಾಯಿಗಳು, ಈಚೆ ಕುರಿಗಳು. ನಡುವೆ ಆಳೆತ್ತರದ ತಂತಿ. ಇನ್ನೂರ ಎಪ್ಪತ್ತು ಕಿಲೋಮೀಟರ್ ನೊಲೀನ್ ಪಾಲಿನದು. ದಿನಕ್ಕೆ ತೊಂಬತ್ತರಂತೆ ಮೂರು ದಿನ ಹೋಗುವುದು, ಮತ್ತೆ ಮೂರು ದಿನ ಬರುವುದು. ಸೈಕಲ್ ತುಳಿದಷ್ಟೇ ನಿಧಾನವಾಗಿ ಗಾಡಿ ಓಡಿಸುತ್ತಾ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬೇಲಿಯ ಬುಡ ನೋಡಬೇಕು. ಬಿಲ ತೋಡುವ ವಾಂಬ್ಯಾಟ್ ಎಂಬ ಪ್ರಾಣಿ ಅಡಿಯಿಂದ ಅಗೆಯುತ್ತದೆ, ಕಾಂಗರೂ ಹಾರಲು ಹೋಗಿ ತಂತಿ ಹರಿಯುತ್ತದೆ, ಒಂಟೆಗಳ ಹಿಂಡು ಒರಗಿದರೆ ಹತ್ತು ಕಂಬ ಒಟ್ಟಿಗೇ ಮಲಗುತ್ತವೆ. ಒಳ್ಳೆಯ ದಿನ ಎಂಟು ತೂತು, ಕೆಟ್ಟ ದಿನ ಇಪ್ಪತ್ತೈದು. ಕಳೆದ ವರ್ಷ ಪಕ್ಕದ ಪಾಲಿನಲ್ಲಿ ಯಾರೋ ನೋಡದೇ ಬಿಟ್ಟ ಒಂದೇ ತೂತಿನಿಂದ ಎರಡು ಡಿಂಗೊ ನುಗ್ಗಿ ಅರವತ್ತಮೂರು ಕುರಿ ಕೊಂದವು. ತಿಂದದ್ದು ಎರಡೋ ಮೂರೋ. ಉಳಿದವನ್ನು ಸುಮ್ಮನೆ ಕಚ್ಚಿ ಬಿಟ್ಟಿದ್ದವು.

ಇಪ್ಪತ್ತು ವರ್ಷದಿಂದ ಈ ಕೆಲಸ. ಮೇಲಧಿಕಾರಿ ಬರುವುದು ವರ್ಷಕ್ಕೆ ಎರಡು ಸಲ. ಉಳಿದಂತೆ ಇವರು ನೋಡಿದೆ ಎಂದರೆ ನೋಡಿದಂತೆ, ಸರಿ ಇದೆ ಎಂದರೆ ಸರಿ ಇದ್ದಂತೆ. ಬೇಲಿ ಪಕ್ಕದ ಕುರಿ ಫಾರ್ಮಿನ ಯಜಮಾನ ಕ್ಲೆಮ್ ಹೇಳುವ ಪ್ರಕಾರ, “ನೋಲ್ ಪಾಲಿನ ಬೇಲಿ ಪಕ್ಕ ನನ್ನ ಕುರಿ ಗೊರಕೆ ಹೊಡೀತವೆ.”

ನೊಲೀನ್ ಚೆಸ್ ಗ್ರ್ಯಾಂಡ್‌ಮಾಸ್ಟರ್ ಎನ್ನುವುದು ಗೊತ್ತೇ ಎಂದು ಕ್ಲೆಮ್‌ನನ್ನು ಕೇಳಿದೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕ.

“ಯಾರು, ನಮ್ಮ ನೋಲಾ? ಏ ಹೋಗಯ್ಯಾ! ಹದಿನೈದು ವರ್ಷದಿಂದ ಇಸ್ಪೀಟಲ್ಲಿ ನನ್ನ ಹತ್ರ ಸೋಲ್ತಾ ಇದಾಳೆ.”

ನನ್ನ ವಯಸ್ಸಿನ ಓದುಗರಿಗೆ ನೊಲೀನ್ ಟ್ರೆಲೋರ್ ಹೆಸರು ಮರೆತಿರಲಾರದು. ಕಡೀನಾ ಊರಿನ ಕ್ಷೌರಿಕ ಜಾಗೋ ಟ್ರೆಲೋರ್ ಮಗಳು. ಅಪ್ಪನ ಅಂಗಡಿಯಲ್ಲಿ ಸರದಿ ಕಾಯುವ ಗಿರಾಕಿಗಳಿಗೆಂದು ಒಂದು ಚೆಸ್ ಮಣೆ ಇತ್ತು. ಒಂಬತ್ತನೇ ವಯಸ್ಸಿಗೆ ಆ ಹುಡುಗಿ ಬೀದಿಯವರನ್ನೆಲ್ಲ ಸೋಲಿಸಿ, ಕೂದಲು ಬೆಳೆಯದಿದ್ದರೂ ಜನ ಸೇಡು ತೀರಿಸಿಕೊಳ್ಳಲು ಅಂಗಡಿಗೆ ಬರುವಂತೆ ಮಾಡಿದ್ದಳು. ಹದಿನಾಲ್ಕಕ್ಕೆ ರಾಜ್ಯದ ಚಾಂಪಿಯನ್. ೧೯೯೫ರಲ್ಲಿ, ಇಪ್ಪತ್ತು ತುಂಬಿದ ಚಳಿಗಾಲದಲ್ಲಿ, ಗ್ರ್ಯಾಂಡ್‌ಮಾಸ್ಟರ್. ಮುಂದಿನ ಒಂಬತ್ತು ವರ್ಷ ಅವರು ಆಡದ ದೇಶವಿಲ್ಲ. ಹೆಸರಾಂತ ಆಟಗಾರರು ಇವರೆದುರು ಕುಳಿತು ಹಣೆ ಒರೆಸಿಕೊಂಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

೨೦೦೪ರಲ್ಲಿ ಒಂದು ದಿನ ಆಟ ಬಿಟ್ಟರು. ಕಾರಣ ಹೇಳಲಿಲ್ಲ. ದಣಿವು ಎಂದರು ಕೆಲವರು, ಪ್ರೇಮಭಂಗ ಎಂದರು ಹಲವರು. ಏನೂ ಗೊತ್ತಿಲ್ಲದೆ ನಾನೂ ಒಂದು ಪುಟ ಬರೆದೆ. ಆಮೇಲೆ ಎಷ್ಟೋ ಪತ್ರಕರ್ತರು ಕೇಳಿಕೊಂಡರೂ ಮಾತಿಗೆ ಸಿಗಲಿಲ್ಲ. ಹಾಗಾಗಿ ಹೋದ ತಿಂಗಳು ನಾನು ಹಾಕಿದ ಕಾಗದಕ್ಕೆ “ಬಾ, ಜೊತೆಗೆ ಟೋಪಿ ತಗೊಂಡು ಬಾ” ಎಂದು ಉತ್ತರ ಬಂದಾಗ ಒಳಗೊಳಗೇ ಬೀಗಿದ್ದೆ. ನನ್ನ ಬರವಣಿಗೆಗೆ ಮನಸೋತಿರಬೇಕು ಎಂದುಕೊಂಡಿದ್ದೆ. ಹಾಗೆ ಬೀಗಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನಲವತ್ತನೇ ಕಿಲೋಮೀಟರಿನ ಹತ್ತಿರ ಚಹಾಕ್ಕೆ ನಿಲ್ಲಿಸುತ್ತೇವೆ. ನಾಲ್ಕು ಕಡ್ಡಿ ಕೂಡಿಸಿ ಬೆಂಕಿ, ಮೇಲೊಂದು ಕಪ್ಪು ಹಿಡಿದ ಡಬ್ಬಿ. ತಿನ್ನಲು ತಾವೇ ಮಾಡಿದ ಪೇಸ್ಟಿ, ಮಾಂಸ ತುಂಬಿದ ಕಡುಬಿನಂಥದು, ಅಜ್ಜಿಯ ಕಾಲದ ಅಳತೆ. ನಾನು ಟಿಪ್ಪಣಿ ಪುಸ್ತಕ ಬಿಚ್ಚಿ, ಈ ಬಗೆಯ ಲೇಖನಕ್ಕೆ ಕೇಳಲೇಬೇಕಾದ ಪ್ರಶ್ನೆ ಕೇಳುತ್ತೇನೆ. ಅಷ್ಟು ಎತ್ತರಕ್ಕೆ ಏರಿದವಳು ಇಲ್ಲಿಗೆ ಯಾಕೆ ಬಂದೆ?

“ಅರ್ವಿಡ್ಸ್ ಲಿಯೇಪ ಅಂತ ಒಬ್ರು ನೆನಪಿದಾರಾ ಮರ್ವ್?”

ನೆನಪಿದ್ದರು. ೧೯೯೫ರ ಅಡಿಲೇಡ್ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಇವರ ಎದುರಾಳಿ. ಲ್ಯಾಟ್ವಿಯಾದಿಂದ ಎಳೆವೆಯಲ್ಲಿ ಬಂದು ಪೋರ್ಟ್ ಅಗಸ್ಟಾದಲ್ಲಿ ರೈಲು ಚಾಲಕರಾಗಿದ್ದವರು. ಆಗ ಐವತ್ತನಾಲ್ಕು ವರ್ಷ. ಗಂಟುಮೋರೆ, ಗೆದ್ದರೂ ನಗುತ್ತಿರಲಿಲ್ಲ. ಆ ಆಟ ಗೆದ್ದರೆ ನೊಲೀನ್ ಗ್ರ್ಯಾಂಡ್‌ಮಾಸ್ಟರ್, ಇಲ್ಲವಾದರೆ ಇಲ್ಲ. ಚೆಸ್‌ನಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಇದು ಮೊದಲ ದಿನ ಕಲಿಸುವ ಪಾಠ. ಸಮಯ ಮುಗಿಯುತ್ತಾ ಬಂದಾಗ ಲಿಯೇಪ ಎದ್ದು ನಿಂತು, ಈಕೆ ಆನೆಯನ್ನು ಮುಟ್ಟಿ ಬಿಟ್ಟು ರಾಜನನ್ನು ನಡೆಸಿದಳು ಎಂದು ಕೂಗಿದ್ದರು. ತೀರ್ಪುಗಾರ ಆಗ ಇನ್ನೊಂದು ಮಣೆಯ ಹತ್ತಿರವಿದ್ದ. ಬಂದು ಕೇಳಿದ: ಮುಟ್ಟಿದೆಯಾ? ಹುಡುಗಿ ಇಲ್ಲ ಎಂದಳು. ಬೇರೆ ಯಾರೂ ನೋಡಿರಲಿಲ್ಲ. ಸಭಾಂಗಣದ ಜನ ಮುದುಕನನ್ನು ಛೀ ಥೂ ಅಂದರು. ಮುಂದಿನ ಎಂಟು ನಡೆಯಲ್ಲಿ ಅವರು ಸೋತರು.

“ನಾನು ಮುಟ್ಟಿದ್ದೆ,” ಅನ್ನುತ್ತಾರೆ ನೊಲೀನ್.

ಕೈ ತಾಗಿತಾ ಎಂದು ಕೇಳುತ್ತೇನೆ.

“ಮುಟ್ಟಿದ್ದೆ ಅಂದ್ರೆ ತಾಗಿದ್ದಲ್ಲ. ಎಡಗೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಆನೆ ಎತ್ತಿದ್ರೆ ಎರಡೇ ನಡೇಲಿ ನನ್ನ ಆಟ ಮುಗೀತು ಅಂತ ಆಗ ಕಾಣಿಸ್ತು. ಬಿಟ್ಟೆ. ತೀರ್ಪುಗಾರ ಕೇಳ್ದಾಗ ಯೋಚನೆ ಮಾಡೋಕೆ ಮೊದ್ಲೇ ‘ಇಲ್ಲ’ ಅಂದಿದ್ದೆ. ಅಷ್ಟರಲ್ಲಿ ಜನ ಚಪ್ಪಾಳೆ ಹೊಡೆದ್ರು. ಚಪ್ಪಾಳೆ ಬಿದ್ಮೇಲೆ ಹೌದು ಅನ್ನೋಕೆ ಬಾಯಿ ಎಲ್ಲಿ ಬರುತ್ತೆ?”

ನಾನು ಪೆನ್ನು ಕೆಳಗಿಡುತ್ತೇನೆ. ಮೂವತ್ತು ವರ್ಷ ಈ ದೇಶ ಹೆಮ್ಮೆಪಟ್ಟುಕೊಂಡ ಪಟ್ಟ ಅದು. ಸಿಟ್ಟು ಬರುತ್ತದೆ, ನಂಬಿಕೆ ಬರುವುದಿಲ್ಲ. ತಮಾಷೆ ಮಾಡುತ್ತಿದ್ದೀಯಾ ಎಂದು ಕೇಳುತ್ತೇನೆ. ಅವರು ಪೇಸ್ಟಿಯ ಚೂರನ್ನು ಇರುವೆಗಳಿಗೆ ಹಾಕುತ್ತಾ ಇಲ್ಲವೆಂದು ತಲೆಯಾಡಿಸುತ್ತಾರೆ.

“ಅದಷ್ಟೇ ಆಗಿದ್ರೆ ನಾನು ಈಗ್ಲೂ ಆಡ್ತಾ ಇರ್ತಿದ್ದೆ ಮರ್ವ್. ಅಷ್ಟು ಒಳ್ಳೆಯವಳೇನಲ್ಲ ನಾನು. ಒಂಬತ್ತು ವರ್ಷ ಆರಾಮಾಗಿ ನಿದ್ದೆ ಮಾಡ್ದೆ.”

೨೦೦೪ರಲ್ಲಿ ಪೋರ್ಟ್ ಅಗಸ್ಟಾದಲ್ಲಿ ಒಂದು ಪ್ರದರ್ಶನ. ಮೂವತ್ತು ಜನರ ಜೊತೆ ಒಟ್ಟಿಗೇ ಆಡುವುದು. ಎದುರಿಗಿದ್ದ ಒಬ್ಬ ರೈಲ್ವೆ ಕೆಲಸಗಾರ ಸೋತು ಕೈಕುಲುಕುತ್ತಾ ನಗೆಯಾಡಿದನಂತೆ: ನಮ್ಮ ಅರ್ವಿಡ್ಸ್ ನಿಮ್ಮ ಹತ್ರ ಸೋತ ಮೇಲೆ ರೈಲು ಓಡಿಸೋದನ್ನೇ ಬಿಟ್ಟ, ಈಗ ಬೋಗಿ ತೊಳೀತಾನೆ. ಆಟ ಮುಗಿಸಿ ನೊಲೀನ್ ವಿಚಾರಿಸಿದರು. ಪಂದ್ಯ ಮುಗಿದ ಮೂರನೇ ವಾರ ಲಿಯೇಪ ತಾವಾಗಿಯೇ ಚಾಲಕನ ಪರವಾನಗಿ ಒಪ್ಪಿಸಿದ್ದರು. ಇಬ್ಬರು ಕಣ್ಣಿನ ವೈದ್ಯರು ದೃಷ್ಟಿ ಸರಿಯಾಗಿದೆ ಎಂದರೂ ಕೇಳಲಿಲ್ಲ. “ಇಲ್ಲದ್ದನ್ನ ಕಂಡೆ ಅಂತ ಇಡೀ ಊರು ಹೇಳ್ತಿದೆ. ನಾಳೆ ಕೆಂಪು ದೀಪ ನನಗೆ ಹಸಿರಾಗಿ ಕಂಡ್ರೆ? ಬೆನ್ನ ಹಿಂದೆ ನಾನೂರು ಜನ ಕೂತಿರ್ತಾರೆ” ಎಂದು ಮೇಲಿನವರಿಗೆ ಹೇಳಿದ್ದರಂತೆ. ಇಪ್ಪತ್ತಾರು ವರ್ಷ ಒಂದೂ ಅಪಘಾತ ಮಾಡದ ಚಾಲಕ.

ಯಾರಾದರೂ ನನ್ನನ್ನು ಸುಳ್ಳ ಎಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಈ ಮನುಷ್ಯ ಜಗಳಕ್ಕೆ ನಿಲ್ಲದೆ ತನ್ನ ಕಣ್ಣನ್ನೇ ಅನುಮಾನಿಸಿದ್ದ.

“ಮಾರನೇ ದಿನ ಅವ್ರ ಮನೆ ಮುಂದೆ ಗಾಡಿ ನಿಲ್ಲಿಸ್ದೆ. ಹೆಂಡ್ತಿ ಬಟ್ಟೆ ಒಣಗಿಸ್ತಿದ್ರು. ನನ್ನ ನೋಡಿ ಯಾರು ಬೇಕಿತ್ತಮ್ಮ ಅಂತ ಕೇಳಿದ್ರು. ದಾರಿ ತಪ್ತು ಅಂದೆ. ಇನ್ನೊಂದು ಸಲ ಹೋದೆ, ಇಳೀಲೇ ಇಲ್ಲ. ಹೇಡಿ ನಾನು ಮರ್ವ್, ಬೇರೆ ಮಾತಿಲ್ಲ. ಆದ್ರೆ ಆಮೇಲೆ ಮಣೆ ಮುಂದೆ ಕೂತ್ರೆ ಕೈ ಮುಂದಕ್ಕೆ ಹೋಗ್ಲಿಲ್ಲ.”

“ಹಾಗಿದ್ರೆ ಇಷ್ಟು ವರ್ಷ ಬಿಟ್ಟು ಈಗ ನನಗೇ ಯಾಕೆ ಹೇಳ್ತಿದೀಯ?”

ಅವರು ನನ್ನನ್ನು ನೇರವಾಗಿ ನೋಡುತ್ತಾರೆ. “ಅವತ್ತು ಬರ್ದವನು ನೀನೇ ಅಲ್ವಾ?”

ಆ ಪಂದ್ಯದ ವರದಿ ಬರೆದವನು ನಾನೇ. ಆಗ ನನಗೆ ಇಪ್ಪತ್ತಾರು, ಪತ್ರಿಕೆಯ ಕ್ರೀಡಾಪುಟದಲ್ಲಿ ಹೊಸಬ. ‘ಸೋತವರ ಕಣ್ಣಿಗೆ ಏನೇನೋ ಕಾಣುತ್ತದೆ’ ಎಂದು ತಲೆಬರಹ ಕೊಟ್ಟು, ಇಂಥ ದೃಷ್ಟಿಯವರು ರೈಲು ಓಡಿಸುತ್ತಾರೆಂದರೆ ನಾನು ಬಸ್ಸಿನಲ್ಲೇ ಹೋಗುತ್ತೇನೆ ಎಂದು ಕೊನೆಯ ಸಾಲಿನಲ್ಲಿ ಕಿಚಾಯಿಸಿದ್ದೆ. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟಿದ್ದರು. ಲಿಯೇಪರನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಿಯೇ ಇರಲಿಲ್ಲ.

“ಅವ್ರು ಬದುಕಿದಾರೆ, ಎಂಬತ್ಮೂರು ವರ್ಷ. ಚೆಸ್ ಸಂಸ್ಥೆಗೆ ನಾನು ಕಾಗದ ಹಾಕಿದೀನಿ. ಪಟ್ಟ ಕಿತ್ಕೊಂಡ್ರೆ ಕಿತ್ಕೊಳ್ಲಿ. ನೀನು ಬರೆದ ಜಾಗದಲ್ಲೇ, ಅವ್ರು ಕಂಡಿದ್ದು ನಿಜ ಅಂತ ನೀನೇ ಬರಿ. ಅಷ್ಟೇ ನನ್ನಾಸೆ.” ಇಷ್ಟು ಹೇಳಿ ಬೆಂಕಿಗೆ ಮಣ್ಣು ಹಾಕಿ ಎದ್ದರು. ಇನ್ನೂ ಐವತ್ತು ಕಿಲೋಮೀಟರ್ ಬೇಲಿ ಬಾಕಿ ಇತ್ತು.

ಪ್ರಕಟಿಸುವ ಮುನ್ನ ಈ ಸಲವಾದರೂ ಕೇಳಬೇಕಾದವರನ್ನು ಕೇಳೋಣವೆಂದು ಪೋರ್ಟ್ ಅಗಸ್ಟಾಕ್ಕೆ ಹೋದೆ. ರೈಲು ಹಳಿಯಿಂದ ಎರಡು ಬೀದಿ ಆಚೆ ಸಣ್ಣ ಮನೆ, ಅಂಗಳದ ತುಂಬ ಟೊಮೇಟೊ ಗಿಡ. ಅರ್ವಿಡ್ಸ್ ಲಿಯೇಪ ನೆಟ್ಟಗೆ ನಿಂತು ಬಾಗಿಲು ತೆಗೆದರು. ಗಂಟುಮೋರೆ ಹಾಗೆಯೇ ಇದೆ. ಕಪ್ಪು ಬ್ರೆಡ್ಡು, ಹೊಗೆಯಲ್ಲಿ ಒಣಗಿಸಿದ ಮೀನು ಮುಂದಿಟ್ಟು, ತಿಂದು ಮಾತಾಡು ಎಂದರು. ನನಗೆ ತಿನ್ನಲಾಗಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ.

ಅವರು ಬ್ರೆಡ್ಡಿನ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಪೊಲೀಸರಂತೆ ಕೇಳತೊಡಗಿದರು.

“ಯಾವ ಕಾಯಿ ಅಂದ್ಲು?”

“ಆನೆ.”

“ಯಾವ ಕೈ?”

ನನ್ನ ಪುಸ್ತಕ ತಿರುವಿದೆ. “ಎಡಗೈ.”

“ಹೌದು. ಎಡಗೈ. ಬಲಗೈ ಗಡಿಯಾರದ ಹತ್ರ ಇತ್ತು.” ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದರು, ಬಿಟ್ಟರು. ಮತ್ತೆ ಹಿಡಿದರು, ಬಿಟ್ಟರು. “ಹೀಗೇ ಹಿಡಿದಿದ್ಲು. ಹೀಗೇ.”

ಆಗ ಪೇಪರಿನಲ್ಲಿ ಬರೆದವನು ನಾನು ಎಂದು ಹೇಳಿದೆ. ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು, ಅವರಿಗೆ ನನ್ನ ಮುಖ ಪರಿಚಯವಿರಲಿಲ್ಲ.

“ಓಹೋ, ಬಸ್ಸಲ್ಲೇ ಹೋಗ್ತೀನಿ ಅಂದವನು ನೀನೇನಾ?” ಪ್ರತಿ ಅಕ್ಷರವೂ ನೆನಪಿತ್ತು ಅವರಿಗೆ. “ಅದನ್ನ ಓದಿದ ದಿನಾನೇ ಹೆಂಡ್ತಿ ಮಿಲ್ಡಾ ನನ್ನನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದು. ಅವಳು ಒಂದು ದಿನಾನೂ ನನ್ನ ಸುಳ್ಳ ಅನ್ಲಿಲ್ಲ. ‘ಪಾಪ, ಕಣ್ಣು ಮಂಜಾಗಿರ್ಬೇಕು’ ಅಂದ್ಲು. ಸುಳ್ಳ ಅಂದಿದ್ರೆ ಜಗಳ ಆಡ್ಬಹುದಿತ್ತು. ಆಮೇಲೆ ರಸ್ತೆ ದಾಟೋವಾಗೆಲ್ಲ ನನ್ನ ಕೈ ಹಿಡ್ಕೊತಿದ್ಲು. ಬಿಡ್ಸಿಕೊಳ್ಳೋಕೆ ನನಗೆ ಧೈರ್ಯ ಬರ್ಲಿಲ್ಲ. ಆರು ವರ್ಷ ಆಯ್ತು ಅವಳು ಹೋಗಿ.”

ಕ್ಷಮಿಸಿ ಎಂದೆ. ಅದು ಎಷ್ಟು ಪುಟ್ಟ ಮಾತು ಎನ್ನುವುದು ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು. ಅವರು ಪರವಾಗಿಲ್ಲ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ನೊಲೀನ್‌ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ.

“ಮಿಲ್ಡಾ ಇರೋವಾಗ ಬಂದು ಹೇಳಿದ್ರೆ ಬ್ರೆಡ್ಡು ಕೊಟ್ಟು ಕಳಿಸ್ತಿದ್ದೆ ಅಂತ ಹೇಳು.”

ಹೊರಡುವ ಮುನ್ನ, ಪತ್ರಿಕೆ ಈ ಭಾನುವಾರ ಇದನ್ನು ಹಾಕುತ್ತದೆ ಎಂದೆ. ನನ್ನ ತಪ್ಪೊಪ್ಪಿಗೆ ಮೊದಲ ಪುಟದಲ್ಲಿ ಇರುತ್ತದೆ. ಅವರ ಹೆಸರು ದೊಡ್ಡ ಅಕ್ಷರದಲ್ಲಿ, ಈ ಅಗಲಕ್ಕೆ, ಎಂದು ಎರಡು ಕೈ ಚಾಚಿ ತೋರಿಸಿದೆ. ಲಿಯೇಪ ನನ್ನ ಚಾಚಿದ ಕೈಗಳನ್ನು ನೋಡಿದರು. ಆ ಗಂಟುಮೋರೆ ಮೊದಲ ಸಲ ಸ್ವಲ್ಪ ಸಡಿಲವಾಯಿತು.

“ಅಷ್ಟು ದೊಡ್ಡ ಅಕ್ಷರ ಯಾಕಯ್ಯಾ? ಎಷ್ಟು ಸಣ್ಣದಾದ್ರೂ ಹಾಕು. ನನಗೆ ಚೆನ್ನಾಗಿ ಕಾಣುತ್ತೆ.”