ತೋಡಿಲ್ಲದ ನಾಡಿಗೆ ಹೊರಟ ಟೀಚರು

ಸಂಪಾಜೆಯಲ್ಲಿ ನಮ್ಮ ಪಕ್ಕದ ಮನೇಲಿ ಬಾಡಿಗೆಗಿದ್ದ ಪಿ.ಟಿ. ಟೀಚರು ಕೂತಲ್ಲೇ ಕಾಲು ಅಲ್ಲಾಡಿಸೋರು. ಮಂಗೋಲಿಯಾಕ್ಕೆ ಒಬ್ಬರೇ ಹೋಗ್ತಾರಂತೆ. ಹುಲ್ಲುಬಯಲು, ಆಮೇಲೆ ಮರಳುಗಾಡು, ಕುರಿ ಕುದುರೆ ಹೊಡ್ಕೊಂಡು ಡೇರೆಯಲ್ಲೇ ಬದುಕೋ ಜನ. ನಮ್ಮ ಜಗಲೀಲಿ ಮ್ಯಾಪು ಹರಡಿ, ಹಾರದ ಹಾಗೆ ಮೇಲೆ ನನ್ನ ಎಲೆಅಡಿಕೆ ಡಬ್ಬಿ ಇಡೋರು. ಮ್ಯಾಪಿನ ತುಂಬ ಖಾಲಿ ಜಾಗ.

"ದಾರಿ ತಪ್ಪಿದರೆ?"

"ಏನಾಗುತ್ತೆ ಅಜ್ಜಿ? ಫೋನು ತೋರಿಸುತ್ತೆ."

ಏನು ಕೇಳಿದರೂ ಅದೇ, ಏನಾಗುತ್ತೆ ಅಜ್ಜಿ.

ಅಭ್ಯಾಸ ಆಗಲಿ ಅಂತ ಒಂದು ಬೆಳಗ್ಗೆ ಚೀಲ ಹೊತ್ತು ಕಾಡಿಗೆ ಹೋದರು. ಮಂಜು ಇಳೀತು. ಮಧ್ಯಾಹ್ನ ಕಳೆದರೂ ಬರಲಿಲ್ಲ. ಆನೆ ಓಡಾಡೋ ಕಾಡು. ನಾನು ಹತ್ತು ಸಲ ಅಂಗಳಕ್ಕೆ ಇಳಿದು ದಾರಿ ನೋಡಿದೆ. ಸಂಜೆ ಹೊತ್ತಿಗೆ ಮೊಣಕಾಲಿನವರೆಗೆ ಒದ್ದೆಯಾಗಿ ಬಂದು ಜಗಲೀಲಿ ಕೂತರು. ಕಾಲು ಅಲ್ಲಾಡಲಿಲ್ಲ.

"ಫೋನು ಸತ್ತೋಯ್ತು. ಒಂದು ಸಣ್ಣ ಹಳ್ಳ, ತೋಡು ಸಿಕ್ಕಿತು. ಅದರ ನೀರು ಹರಿಯೋ ಕಡೆಗೇ ಇಳಿದು ಬಂದೆ."

"ಇಲ್ಲಿ ದಾರಿ ತಪ್ಪಿದೋರೆಲ್ಲ ಹಾಗೇ ಬರೋದು. ಅಲ್ಲಿ?"

ಬೆಳಗ್ಗೆಯಿಂದ ಡಬ್ಬಿ ಕೆಳಗೇ ಇದ್ದ ಮ್ಯಾಪಿನ ಮೇಲೆ ಬೆರಳು ಆಡಿಸಿದರು. "ಆ ಮರಳುಗಾಡಲ್ಲಿ ತೋಡಿಲ್ಲ, ಅಜ್ಜಿ."

"ಹಾಗಾದರೆ ಸುಮ್ಮನೆ ಇಲ್ಲೇ ಬಿದ್ದಿರಿ, ಟೀಚರೇ."

"ಇಲ್ಲ. ಹೆದರ್ಕೊಂಡೇ ಹೋಗ್ತೀನಿ."

ಏನಾಗುತ್ತೆ ಅಂತ ಅವತ್ತು ಅವರು ಅನ್ನಲಿಲ್ಲ. ನಾನು ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚಿ, ಮೊದಲನೇದನ್ನ ಅವರಿಗೆ ಕೊಟ್ಟೆ.